ಕಾದಷ್ಟೂ ಕಳೆಗಟ್ಟುವ ಮಡೀರಾ

ವೈನ್ ಕೆಡಿಸಲು ಮೂರು ದಾರಿಗಳಿವೆ. ಬಿಸಿಗೆ ಇಡಬೇಕು, ಗಾಳಿಯಾಡಲು ಬಿಡಬೇಕು, ವರ್ಷಗಟ್ಟಲೆ ಹಾಗೇ ಬಿಟ್ಟುಬಿಡಬೇಕು. ವೈನ್ ತಯಾರಿಸುವ ಯಾವ ಊರಿನವರನ್ನು ಕೇಳಿದರೂ ಈ ಮೂರರಿಂದ ದೂರವಿರಿ ಎಂದೇ ಹೇಳುತ್ತಾರೆ. ನೆಲಮಾಳಿಗೆ, ತಂಪು ಕೋಣೆ, ಬಿಗಿಯಾದ ಬಿರಡೆ ಎಲ್ಲವೂ ಇವುಗಳಿಂದ ಕಾಪಾಡುವುದಕ್ಕೇ. ಅಟ್ಲಾಂಟಿಕ್ ಸಾಗರದ ನಡುವೆ ಇರುವ ಪೋರ್ಚುಗಲ್‌ನ ಮಡೀರಾ ದ್ವೀಪದಲ್ಲಿ ಮಾತ್ರ ಎಲ್ಲವೂ ತಿರುವುಮುರುವು. ಅಲ್ಲಿನವರು ಪೀಪಾಯಿಗಳನ್ನು ಹೆಂಚಿನ ಮಾಡಿನ ಕೆಳಗೆ, ಬಿಸಿಲಿಗೆ ಕಾಯುವ ಅಟ್ಟದಲ್ಲಿ ಇಡುತ್ತಾರೆ. ಕಂಠಮಟ್ಟ ತುಂಬದೆ ಒಂದಿಷ್ಟು ಜಾಗ ಬಿಟ್ಟು ಗಾಳಿಗೆ ಎಡೆ ಮಾಡಿಕೊಡುತ್ತಾರೆ. ಇಪ್ಪತ್ತು, ಐವತ್ತು, ಕೆಲವೊಮ್ಮೆ ನೂರು ವರ್ಷ ಹಾಗೇ ಬಿಡುತ್ತಾರೆ. ಅಲ್ಲಿಂದ ಹೊರಬರುವುದು ಜಗತ್ತಿನ ಅತಿ ದೀರ್ಘಾಯುಷಿ ವೈನ್‌ಗಳಲ್ಲಿ ಒಂದು. 19ನೇ ಶತಮಾನದಲ್ಲಿ ಹಿಂಡಿದ ದ್ರಾಕ್ಷಿಯ ವೈನ್ ದ್ವೀಪದ ರಾಜಧಾನಿ ಫುಂಚಾಲ್‌ನ ಅಂಗಡಿಗಳಲ್ಲಿ ಇಂದಿಗೂ ಮಾರಾಟಕ್ಕಿದೆ, ಇಂದಿಗೂ ಸವಿಯುವಂತಿದೆ.

ಮಡೀರಾ ವೈನಿನ ಕಥೆಯನ್ನು ಹೆಚ್ಚಿನವರು ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ಹಡಗಿನಲ್ಲಿ ಹೋದ ಪೀಪಾಯಿ ಬಿಸಿಲಿಗೆ ಕಾದು ಮರಳಿ ಬಂತು, ರುಚಿ ನೋಡಿದರೆ ಮೊದಲಿಗಿಂತ ಚೆನ್ನಾಗಿತ್ತು ಎಂಬುದು ಅದರ ಸಾರ. ಅದೃಷ್ಟಕ್ಕೆ ಇದರಲ್ಲಿ ಪಾಲಿಲ್ಲವೆಂದಲ್ಲ. ಆದರೆ ಬಿಸಿಲಿಗೆ ಕಾದ ಪೀಪಾಯಿ ಎಲ್ಲ ದೇಶದ ಹಡಗುಗಳಲ್ಲೂ ಇತ್ತು, ಬಹುಪಾಲು ವೈನ್ ಕೆಟ್ಟು ಸಮುದ್ರ ಸೇರಿತು. ಈ ದ್ವೀಪದ ವೈನ್ ಮಾತ್ರ ಯಾಕೆ ಉಳಿಯಿತು, ಉಳಿದದ್ದನ್ನು ಜನ ಹೇಗೆ ಕುಲಕಸುಬಾಗಿ ಮಾಡಿಕೊಂಡರು ಎಂದು ಕೇಳಿದಾಗ ಕಥೆ ಮತ್ತೆ ನೆಲಕ್ಕೆ ಬರುತ್ತದೆ. ಕಡಿದಾದ ಇಳಿಜಾರು, ಹುಳಿ ಬಿಡದ ದ್ರಾಕ್ಷಿ, ತಿಂಗಳುಗಟ್ಟಲೆ ದೂರದ ಮಾರುಕಟ್ಟೆ ಇವೆಲ್ಲ ಬೇಸಾಯಗಾರನಿಗೆ ಅನನುಕೂಲಗಳೇ. ಅವುಗಳಲ್ಲಿ ಒಂದೊಂದನ್ನೂ ವೈನಿನ ಗುಣವಾಗಿ ಬದಲಿಸಿದ್ದು ಮಡೀರಾದ ನಿಜವಾದ ಸಾಧನೆ.

ಕಲ್ಲು ಕಟ್ಟಿ, ನೀರು ಹರಿಸಿ

ಮಡೀರಾ ಲಿಸ್ಬನ್‌ನಿಂದ ನೈಋತ್ಯಕ್ಕೆ ಸುಮಾರು 1000 ಕಿ.ಮೀ. ದೂರದಲ್ಲಿದೆ. ಆಫ್ರಿಕಾದ ಕರಾವಳಿ ಅದಕ್ಕಿಂತ ಹತ್ತಿರ. ಸಾಗರದ ತಳದಿಂದ ಜ್ವಾಲಾಮುಖಿ ಎತ್ತಿ ನಿಲ್ಲಿಸಿದ ಈ ದ್ವೀಪದ ಉದ್ದ 57 ಕಿ.ಮೀ., ಅಗಲ ಹೆಚ್ಚೆಂದರೆ 22 ಕಿ.ಮೀ. ಇಷ್ಟು ಸಣ್ಣ ಜಾಗದಲ್ಲಿ ಪೀಕು ರುಯಿವು ಶಿಖರ 1862 ಮೀಟರ್ ಎತ್ತರಕ್ಕೆ ಏರಿದೆ. ಅಂದರೆ ಬಯಲು ಎನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ಅಂಚಿನಿಂದಲೇ ಗುಡ್ಡ ಎದ್ದು ಮೋಡದೊಳಗೆ ಸೇರುತ್ತದೆ.

1419ರಲ್ಲಿ ಜುವಾಂವ್ ಗೊನ್ಸಾಲ್ವಿಸ್ ಝಾರ್ಕು ಮತ್ತು ಟ್ರಿಸ್ಟಾಂವ್ ವಾಝ್ ಟೆಶೇರಾ ಎಂಬ ಪೋರ್ಚುಗೀಸ್ ನಾವಿಕರು ಇಲ್ಲಿ ಕಾಲಿಟ್ಟಾಗ ದ್ವೀಪದಲ್ಲಿ ಜನವಸತಿ ಇರಲಿಲ್ಲ, ದಟ್ಟ ಕಾಡಿತ್ತು. ಕೆಲವೇ ವರ್ಷಗಳಲ್ಲಿ ವಲಸೆಗಾರರು ಬಂದರು. ಪೋರ್ಚುಗಲ್‌ನ ರಾಜಕುಮಾರ ಹೆನ್ರಿ, ಕ್ರೀಟ್ ದ್ವೀಪದ ಮಾಲ್ವಾಸಿಯಾ ಬಳ್ಳಿಗಳನ್ನೂ ಕಬ್ಬನ್ನೂ ತರಿಸಿ ನೆಡಿಸಿದ. 1455ರಲ್ಲಿ ಇಲ್ಲಿಗೆ ಬಂದ ವೆನಿಸ್‌ನ ಪ್ರವಾಸಿ ಕಾದಾಮೊಸ್ಟೊ ಆಗಲೇ ಇಲ್ಲಿನ ದ್ರಾಕ್ಷಿ ತೋಟಗಳ ಬಗ್ಗೆ ಬರೆದಿಟ್ಟಿದ್ದಾನೆ. ಮೊದಲ ನೂರು ವರ್ಷ ಕಬ್ಬಿನದೇ ಕಾರುಬಾರು. ಬ್ರೆಜಿಲ್‌ನ ಅಗ್ಗದ ಸಕ್ಕರೆ ಮಾರುಕಟ್ಟೆಗೆ ಬಂದ ಮೇಲೆ ಕಬ್ಬು ಹಿಂದೆ ಸರಿಯಿತು, ಬಳ್ಳಿ ಮುಂದೆ ಬಂತು.

ಇಂಥ ಇಳಿಜಾರಿನಲ್ಲಿ ಏನನ್ನಾದರೂ ಬೆಳೆಯಬೇಕಾದರೆ ಮೊದಲು ನೆಲವನ್ನೇ ಕಟ್ಟಬೇಕು. ಕಪ್ಪು ಬಸಾಲ್ಟ್ ಕಲ್ಲಿನ ಗೋಡೆ ಎಬ್ಬಿಸಿ, ಅದರ ಹಿಂದೆ ಮಣ್ಣು ತುಂಬಿ, ಒಂದರ ಮೇಲೊಂದು ಮೆಟ್ಟಿಲಿನಂತೆ ಹೊಲ ಮಾಡಿದರು. ಅವಕ್ಕೆ ಪೊಯ್ಯು ಎನ್ನುತ್ತಾರೆ. ಕೆಲವು ಪೊಯ್ಯುಗಳು ಒಂದು ಕೋಣೆಯಷ್ಟೇ ಅಗಲ. ಟ್ರ್ಯಾಕ್ಟರ್ ಇರಲಿ, ಎಷ್ಟೋ ಕಡೆ ಕತ್ತೆಯೂ ಹತ್ತಲಾರದು. ಇಂದಿಗೂ ಅಗೆತ, ಸವರುವಿಕೆ, ಕೊಯ್ಲು ಎಲ್ಲವೂ ಕೈಯಿಂದಲೇ.

ಆಮೇಲೆ ನೀರು. ದ್ವೀಪದ ಉತ್ತರ ಮಗ್ಗುಲಿಗೆ ಮೋಡ ಬಡಿದು ಮಳೆ ಸುರಿಯುತ್ತದೆ, ದಕ್ಷಿಣ ಮಗ್ಗುಲು ಬಿಸಿಲಿನದು. ದ್ರಾಕ್ಷಿ ಹಣ್ಣಾಗುವ ಬಿಸಿಲು ಒಂದು ಕಡೆ, ನೀರು ಇನ್ನೊಂದು ಕಡೆ. ಇವೆರಡನ್ನೂ ಸೇರಿಸಲು 15ನೇ ಶತಮಾನದಿಂದಲೇ ಬಂಡೆಯ ಮೈಯಲ್ಲಿ ಕಿರುಗಾಲುವೆಗಳನ್ನು ಕೊರೆದರು. ಇವೇ ಲೆವಾಡಾಗಳು. ಇವುಗಳ ಒಟ್ಟು ಉದ್ದ 2000 ಕಿ.ಮೀ. ಮೀರುತ್ತದೆ ಎಂಬ ಅಂದಾಜಿದೆ. ಪ್ರಪಾತದ ಅಂಚಿನಲ್ಲಿ ಹಗ್ಗಕ್ಕೆ ಜೋತುಬಿದ್ದು ಉಳಿ ಹಿಡಿದವರಲ್ಲಿ ಕೆನರಿ ದ್ವೀಪಗಳಿಂದಲೂ ಆಫ್ರಿಕಾದಿಂದಲೂ ಹಿಡಿದು ತಂದ ಗುಲಾಮರಿದ್ದರು. ಮಡೀರಾದ ಸೊಬಗನ್ನು ಕೊಂಡಾಡುವಾಗ ಆ ಕೈಗಳನ್ನು ಮರೆಯುವುದು ನ್ಯಾಯವಲ್ಲ.

ಲೆವಾಡಾದ ನೀರನ್ನು ಹಂಚಲು ಒಬ್ಬ ಲೆವಾಡೇರು ಇರುತ್ತಾನೆ. ನಮ್ಮ ಕೆರೆ ಬಯಲಿನ ನೀರಗಂಟಿಯ ಕೆಲಸವೇ ಅವನದು. ಯಾರ ಹೊಲಕ್ಕೆ ಎಷ್ಟು ಗಂಟೆ, ಯಾವ ಸರದಿ ಎಂಬ ಲೆಕ್ಕ ಅವನ ಬಳಿ. ಹೊತ್ತು ಬಂದಾಗ ತೂಬು ಎತ್ತಿ ಒಬ್ಬರ ಪಾತಿಗೆ ಬಿಡುತ್ತಾನೆ, ಹೊತ್ತು ಮುಗಿದಾಗ ಮುಚ್ಚಿ ಮುಂದಿನ ಹೊಲಕ್ಕೆ ನಡೆಯುತ್ತಾನೆ. ಸರದಿ ನಡುರಾತ್ರಿ ಬಂದರೆ ರೈತ ನಡುರಾತ್ರಿಯೇ ಗುದ್ದಲಿ ಹಿಡಿದು ಕಾಯಬೇಕು. 20ನೇ ಶತಮಾನದ ಮಧ್ಯದಲ್ಲಿ ಕಟ್ಟಿದ ‘ಲೆವಾಡಾ ದು ನೋರ್ಟೆ’ಯಂಥ ದೊಡ್ಡ ಕಾಲುವೆಗಳು ವಿದ್ಯುತ್ತನ್ನೂ ಕೊಟ್ಟವು, ಒಣಗಿದ್ದ ದಕ್ಷಿಣದ ಇಳಿಜಾರನ್ನೂ ಹಸಿರಾಗಿಸಿದವು.

ಚಪ್ಪರದ ಕೆಳಗಿನ ಕೊಯ್ಲು

ಫುಂಚಾಲ್‌ನ ಪಶ್ಚಿಮಕ್ಕಿರುವ ಕಾಮರಾ ದೆ ಲೋಬುಸ್ ಮೀನುಗಾರರ ಊರು. 1950ರ ಜನವರಿಯಲ್ಲಿ ವಿನ್ಸ್ಟನ್ ಚರ್ಚಿಲ್ ಇಲ್ಲಿ ಕುಳಿತು ಚಿತ್ರ ಬರೆದದ್ದರಿಂದ ಪ್ರವಾಸಿಗರಿಗೆ ಇದು ಪರಿಚಿತ. ಇದರ ಮೇಲ್ಗಡೆಯ ಗುಡ್ಡವೇ ಎಸ್ಟ್ರೇಟು ದೆ ಕಾಮರಾ ದೆ ಲೋಬುಸ್. ಮಡೀರಾ ವೈನಿನ ಹೃದಯಭಾಗವೆಂದರೆ ಇದು.

ಇಲ್ಲಿ ಬಳ್ಳಿಯನ್ನು ಲಟಾಡಾ ಎಂಬ ಚಪ್ಪರಕ್ಕೆ ಹಬ್ಬಿಸುತ್ತಾರೆ. ಚಪ್ಪರ ಎಷ್ಟು ತಗ್ಗೆಂದರೆ ಕೊಯ್ಯುವವರು ಬೆನ್ನು ಬಾಗಿಸಿಕೊಂಡೇ ಒಳಹೋಗಬೇಕು. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲಿನ ಕಾಲ. ಕುಕ್ಕುರುಗಾಲಿನಲ್ಲಿ ಕುಳಿತು, ತಲೆ ಮೇಲೆತ್ತಿ, ಎಲೆಗಳ ನಡುವೆ ಜೋತುಬಿದ್ದ ಗೊಂಚಲಿನ ತೊಟ್ಟಿಗೆ ಕತ್ತರಿ ಹಾಕುತ್ತಾರೆ, ಕೊಳೆತ ಕಾಳುಗಳನ್ನು ಅಲ್ಲೇ ಕಿತ್ತೆಸೆದು ಉಳಿದದ್ದನ್ನು ಬುಟ್ಟಿಗಿಳಿಸುತ್ತಾರೆ. ಬುಟ್ಟಿ ತುಂಬಿದರೆ ಹೆಗಲಿಗೇರಿಸಿಕೊಂಡು ಕಲ್ಲಿನ ಮೆಟ್ಟಿಲು ಹತ್ತಿ ರಸ್ತೆಗೆ ಮುಟ್ಟಿಸಬೇಕು. ದಿನವಿಡೀ ಹೀಗೆ. ಚಪ್ಪರದ ಅಡಿಯ ನೆಲವೂ ಖಾಲಿ ಇರುವುದಿಲ್ಲ. ಕೊಯ್ಲು ಮುಗಿದು ಎಲೆ ಉದುರಿ ಬಿಸಿಲು ಒಳಗಿಳಿದಾಗ ಅಲ್ಲಿ ಆಲೂಗೆಡ್ಡೆ, ಕೋಸು ಹಾಕುತ್ತಾರೆ. ನೆಲದ ಅಂಗುಲ ಅಂಗುಲವೂ ಗೋಡೆ ಕಟ್ಟಿ ಗಳಿಸಿದ್ದಾದ್ದರಿಂದ ಒಂದು ಬೆಳೆಗೆ ತೃಪ್ತಿಪಡುವಂತಿಲ್ಲ.

ದ್ವೀಪದ ಒಟ್ಟು ವೈನ್ ದ್ರಾಕ್ಷಿಯ ವಿಸ್ತೀರ್ಣ 500 ಹೆಕ್ಟೇರನ್ನೂ ಮುಟ್ಟುವುದಿಲ್ಲ. ಅದೂ ನೂರಾರು ಕುಟುಂಬಗಳ ನಡುವೆ ಹರಿದು ಹಂಚಿಹೋಗಿದೆ. ಸರಾಸರಿ ಹಿಡುವಳಿ ಒಂದು ಎಕರೆಗೂ ಕಡಿಮೆ. ಹೆಸರಾಂತ ವೈನ್ ಮನೆಗಳ ಬಳಿ ಸ್ವಂತ ತೋಟ ಇರುವುದು ಅಲ್ಪಸ್ವಲ್ಪ. ಅವರು ಬಹುಪಾಲು ದ್ರಾಕ್ಷಿಯನ್ನು ಈ ಸಣ್ಣ ರೈತರಿಂದಲೇ ಕೊಳ್ಳುತ್ತಾರೆ.

ರಸ್ತೆಗಳು ಬರುವ ಮುಂಚೆ ಹಣ್ಣನ್ನು ಹಳ್ಳಿಯಲ್ಲೇ ತುಳಿದು ರಸ ತೆಗೆಯುತ್ತಿದ್ದರು. ಆ ರಸವನ್ನು ಇಡಿಯಾದ ಮೇಕೆ ಚರ್ಮದ ಚೀಲದಲ್ಲಿ ತುಂಬಿ, ಚೀಲವನ್ನು ಕುತ್ತಿಗೆಯ ಹಿಂದೆ ಅಡ್ಡಲಾಗಿ ಹೊತ್ತು, ಬರಾಶೇರುಗಳೆಂಬ ಕೂಲಿಗಳು ಸಾಲುಸಾಲಾಗಿ ಫುಂಚಾಲ್‌ಗೆ ಇಳಿಯುತ್ತಿದ್ದರು. ಒಬ್ಬೊಬ್ಬರ ಹೆಗಲ ಮೇಲೂ 40 ಲೀಟರಿಗೆ ಮಿಕ್ಕ ರಸ, ಕಾಲಡಿಯಲ್ಲಿ ಜಾರುವ ಕಲ್ಲುದಾರಿ. ಹೆಜ್ಜೆ ತಪ್ಪದಿರಲೆಂದು ಒಟ್ಟಾಗಿ ಹಾಡಿಕೊಂಡು ಹೋಗುತ್ತಿದ್ದರು. ಮಡೀರಾದ ಹಳೆಯ ಛಾಯಾಚಿತ್ರಗಳಲ್ಲಿ ಈ ಸಾಲುಗಳು ಇಂದಿಗೂ ಕಾಣಸಿಗುತ್ತವೆ.

ಇಂಡಿಯಾಕ್ಕೆ ಹೋಗಿ ಬಂದ ಪೀಪಾಯಿ

ಮಡೀರಾದ ಭಾಗ್ಯ ತೆರೆದದ್ದು ಸಮುದ್ರದಿಂದ. ಯುರೋಪಿನಿಂದ ಆಫ್ರಿಕಾ, ಅಮೆರಿಕ, ಇಂಡಿಯಾಗಳಿಗೆ ಹೊರಟ ಹಾಯಿಹಡಗುಗಳು ಗಾಳಿಯ ಜಾಡು ಹಿಡಿದು ದಕ್ಷಿಣಕ್ಕಿಳಿಯುವಾಗ ಫುಂಚಾಲ್ ದಾರಿಯಲ್ಲೇ ಸಿಗುತ್ತಿತ್ತು. ನೀರು, ತರಕಾರಿಯ ಜೊತೆಗೆ ವೈನ್ ಪೀಪಾಯಿಗಳನ್ನೂ ಏರಿಸಿಕೊಳ್ಳುತ್ತಿದ್ದರು.

ರಾಜಕಾರಣವೂ ಕೈಹಿಡಿಯಿತು. 1662ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಪೋರ್ಚುಗಲ್‌ನ ರಾಜಕುಮಾರಿ ಬ್ರಗಾಂಜಾದ ಕ್ಯಾಥರೀನಳನ್ನು ಮದುವೆಯಾದ. ಬೊಂಬಾಯಿ ಇಂಗ್ಲಿಷರ ಕೈಸೇರಿದ್ದು ಇದೇ ಮದುವೆಯ ಬಳುವಳಿಯಾಗಿ. ಮರುವರ್ಷ, 1663ರಲ್ಲಿ, ಇಂಗ್ಲೆಂಡ್ ಒಂದು ಕಾಯ್ದೆ ಮಾಡಿತು. ಯುರೋಪಿನ ಯಾವುದೇ ಸರಕು ತನ್ನ ವಸಾಹತುಗಳಿಗೆ ಹೋಗಬೇಕಾದರೆ ಮೊದಲು ಇಂಗ್ಲೆಂಡಿನ ಬಂದರಿಗೆ ಬಂದು ಅಲ್ಲಿಂದಲೇ ಹೊರಡಬೇಕು ಎಂಬುದು ಅದರ ತಿರುಳು. ವಿನಾಯಿತಿ ಸಿಕ್ಕ ಕೆಲವೇ ಸರಕುಗಳಲ್ಲಿ ಮಡೀರಾದ ವೈನ್ ಒಂದು. ಅಲ್ಲಿಂದ ಮುಂದೆ ಅಮೆರಿಕದ ವಸಾಹತುಗಳಿಗೆ ಈ ವೈನ್ ನೇರವಾಗಿ ಹರಿಯತೊಡಗಿತು. 1768ರಲ್ಲಿ ಬಾಸ್ಟನ್‌ನ ವರ್ತಕ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಹಡಗನ್ನು ಸುಂಕದ ಅಧಿಕಾರಿಗಳು ಹಿಡಿದಾಗ ಊರೇ ದಂಗೆಯೆದ್ದಿತು. ಆ ಹಡಗು ತಂದಿದ್ದು ಮಡೀರಾ ವೈನನ್ನೇ. ಜಾರ್ಜ್ ವಾಷಿಂಗ್ಟನ್‌ಗೂ ಇದೇ ವೈನ್ ಅಚ್ಚುಮೆಚ್ಚು.

ಪೂರ್ವಕ್ಕೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೂ ಇಲ್ಲಿ ಲಂಗರು ಹಾಕುತ್ತಿದ್ದವು. ಬೊಂಬಾಯಿ, ಮದರಾಸು, ಕಲ್ಕತ್ತಾಗಳ ಕಂಪನಿ ಅಧಿಕಾರಿಗಳ ಊಟದ ಮೇಜಿಗೆ ಮಡೀರಾ ಬೇಕೇ ಬೇಕಿತ್ತು. ಉಷ್ಣದೇಶದ ಸೆಖೆಗೆ ಬೇರೆ ವೈನ್‌ಗಳು ಬೇಗ ಹಳಸುತ್ತಿದ್ದವು, ಇದು ಹಳಸುತ್ತಿರಲಿಲ್ಲ. ದಾರಿಯಲ್ಲಿ ಕೆಡದಿರಲೆಂದು ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಸ್ಪಿರಿಟ್ ಬೆರೆಸುವ ಪದ್ಧತಿ 18ನೇ ಶತಮಾನದಲ್ಲಿ ಬಲವಾಗಿ ಬೇರೂರಿತು.

ಫುಂಚಾಲ್‌ನಿಂದ ಹೊರಟ ಪೀಪಾಯಿ ಭೂಮಧ್ಯರೇಖೆ ದಾಟಿ, ಆಫ್ರಿಕಾದ ತುದಿಯ ಗುಡ್‌ಹೋಪ್ ಭೂಶಿರ ಸುತ್ತಿ, ಮತ್ತೆ ಭೂಮಧ್ಯರೇಖೆ ದಾಟಿ ಇಂಡಿಯಾ ತಲುಪುತ್ತಿತ್ತು. ಮಾರಾಟವಾಗದೆ ಮರಳಿ ಬಂದರೆ ಇನ್ನೆರಡು ಸಲ ಅದೇ ರೇಖೆ. ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯ ಬೇಗೆ, ನಿಲ್ಲದ ಕುಲುಕಾಟ. ಮರಳಿ ಬಂದ ವೈನಿನ ಬಣ್ಣ ಕಂದಿ ಕಂಚಿನಂತಾಗಿತ್ತು, ಒರಟುತನ ಹೋಗಿ ಆಳ ಬಂದಿತ್ತು. ವರ್ತಕರು ಇದನ್ನು ಗಮನಿಸಿದರು. ಆಮೇಲೆ ಬೇಕೆಂದೇ ಪೀಪಾಯಿಗಳನ್ನು ಹಡಗಿನಲ್ಲಿ ಸುತ್ತಾಡಿಸಿ ತರಿಸತೊಡಗಿದರು. ಹೀಗೆ ಹೋಗಿಬಂದ ವೈನಿಗೆ ‘ವಿನ್ಯು ದಾ ರೋಡಾ’ ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರಿದರು. ಮಡೀರಾಕ್ಕೆ ಇಂದಿರುವ ರುಚಿಯನ್ನು ಮೊದಲು ಕಲಿಸಿದ್ದರಲ್ಲಿ ಇಂಡಿಯಾದ ಸಮುದ್ರಮಾರ್ಗಕ್ಕೆ ದೊಡ್ಡ ಪಾಲಿದೆ ಎಂಬುದು ಇತಿಹಾಸದ ಮಾತು.

ಅಟ್ಟದ ಮೇಲೆ

ಹಡಗಿನ ಬಾಡಿಗೆ ಅಗ್ಗದ್ದಲ್ಲ. ವೈನ್ ಕಾಯಬೇಕಾದದ್ದೇ ನಿಜವಾದರೆ ಅದನ್ನು ಊರಲ್ಲೇ ಕಾಯಿಸಿದರಾಯಿತಲ್ಲ? 18ನೇ ಶತಮಾನ ಮುಗಿಯುವ ಹೊತ್ತಿಗೆ ಫುಂಚಾಲ್‌ನಲ್ಲಿ ಎಸ್ಟೂಫಾ ಎಂಬ ಬಿಸಿಕೋಣೆಗಳು ಎದ್ದವು. ಅದೇ ತತ್ವ ಇಂದು ಸ್ಟೀಲ್ ತೊಟ್ಟಿಗೆ ಬಂದಿದೆ. ತೊಟ್ಟಿಯ ಹೊರಮೈಯಲ್ಲಿ ಬಿಸಿನೀರು ಹರಿಸಿ, ಒಳಗಿನ ವೈನನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಮೂರು ತಿಂಗಳು ಇಡುತ್ತಾರೆ. ಮೂರು ವರ್ಷ, ಐದು ವರ್ಷದ ಸಾಮಾನ್ಯ ಬಾಟಲಿಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿ ಬಂದವು.

ಉತ್ತಮ ವೈನಿಗೆ ಇನ್ನೊಂದು ದಾರಿ, ಕಾಂಟೇರು. ಪೀಪಾಯಿಯನ್ನು ಹೊರುವ ಮರದ ತೊಲೆಗಳಿಂದ ಬಂದ ಹೆಸರು ಅದು. ಫುಂಚಾಲ್‌ನ ನಡುಪೇಟೆಯಲ್ಲಿರುವ ಬ್ಲ್ಯಾಂಡಿ ಮನೆತನದ ವೈನ್ ಉಗ್ರಾಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹಿಂದೆ ಫ್ರಾನ್ಸಿಸ್ಕನ್ ಮಠದ ಭಾಗವಾಗಿದ್ದ ಕಟ್ಟಡ ಅದು. ಬೀದಿಯ ಗದ್ದಲದಿಂದ ಒಳಬಂದು ಮರದ ಮೆಟ್ಟಿಲು ಹತ್ತಿದಂತೆ ಗಾಳಿ ಬಿಸಿಯಾಗುತ್ತಾ, ದಪ್ಪವಾಗುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿ ಮಾಡಿನ ಬಿಸಿ ನೇರವಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ 30 ಡಿಗ್ರಿ ದಾಟುತ್ತದೆ. ಹೊಸ ವೈನಿನ ಪೀಪಾಯಿಗಳು ಇರುವುದು ಇಲ್ಲಿಯೇ. ಓಕ್ ಮರದ ಹಲಗೆಗಳ ಸಂದಿಯಲ್ಲಿ ವೈನ್ ಉಸಿರಾಡುತ್ತದೆ. ನೀರಿನಂಶವೂ ಮದ್ಯಾಂಶವೂ ಪ್ರತಿವರ್ಷ ಒಂದಿಷ್ಟು ಆವಿಯಾಗಿ, ಉಳಿದದ್ದು ಸಾಂದ್ರವಾಗುತ್ತದೆ. ಇಡೀ ಕಟ್ಟಡಕ್ಕೆ ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಹಳೆಯ ಮರದ ವಾಸನೆ ಅಂಟಿಕೊಂಡಿರುವುದು ಇದರಿಂದಲೇ. ವರ್ಷಗಳು ಕಳೆದಂತೆ ವೈನನ್ನು ಒಂದೊಂದೇ ಅಂತಸ್ತು ಕೆಳಗಿಳಿಸುತ್ತಾರೆ. ಎಳೆಯದಕ್ಕೆ ಹೆಚ್ಚು ಬಿಸಿ, ಹಳೆಯದಕ್ಕೆ ತಂಪು. ದಶಕಗಳ ನಂತರ ಇನ್ನು ಸಾಂದ್ರವಾಗುವುದು ಬೇಡ ಎನಿಸಿದಾಗ ದೊಡ್ಡ ಗಾಜಿನ ಬುರುಡೆಗಳಿಗೆ ಸುರಿದು ಮುಚ್ಚುತ್ತಾರೆ.

ಕಾಂಟೇರು ವೈನ್ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿರಬೇಕು, ಮೂರು ವರ್ಷ ತುಂಬುವ ಮುಂಚೆ ಮಾರುವಂತಿಲ್ಲ. ಒಂದೇ ವರ್ಷದ ಕೊಯ್ಲಿನಿಂದ ಮಾಡಿ ಕನಿಷ್ಠ ಐದು ವರ್ಷ ಪೀಪಾಯಿಯಲ್ಲಿಟ್ಟದ್ದು ಕುಲ್ಯೇಟಾ. ಅತಿ ಶ್ರೇಷ್ಠವಾದದ್ದು ಫ್ರಾಸ್ಕೇರಾ. ಅದು ಕನಿಷ್ಠ 20 ವರ್ಷ ಮರದೊಳಗೇ ಇರಬೇಕು. ಪೆರೇರಾ ದೊಲಿವೇರಾದಂಥ ಹಳೆಯ ಮನೆಗಳು ಇದಕ್ಕಿಂತಲೂ ಎಷ್ಟೋ ಹೆಚ್ಚು ಕಾಲ ಕಾಯುವುದರಲ್ಲಿ ಹೆಸರುವಾಸಿ.

ಹುಳಿಯೇ ಬೆನ್ನೆಲುಬು

ಇಷ್ಟೆಲ್ಲ ಕಾಸಿದರೂ ವೈನ್ ಯಾಕೆ ಸಾಯುವುದಿಲ್ಲ? ಉತ್ತರ ಮಣ್ಣಿನಲ್ಲಿದೆ. ಜ್ವಾಲಾಮುಖಿಯ ಕಲ್ಲು ಸವೆದು ಆದ ಈ ಮಣ್ಣು ಆಮ್ಲೀಯ. ಕಬ್ಬಿಣದ ಅಂಶ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಹಣ್ಣಿನಲ್ಲಿ ಪೊಟ್ಯಾಸಿಯಂ ಕಡಿಮೆಯಿದ್ದಷ್ಟೂ ಹುಳಿ ಉಳಿಯುತ್ತದೆ. ಜೊತೆಗೆ ಸಾಗರದ ತಂಪುಗಾಳಿ, ಮೋಡ. ಹಾಗೇ ಹುದುಗಿಸಿ ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ ಇರುವ ದ್ರಾಕ್ಷಿ ಇದು. ಸಾಮಾನ್ಯ ವೈನಿಗೆ ಇದು ದೋಷ. ಆದರೆ ದಶಕಗಳ ಬೇಗೆಯನ್ನು ತಡೆದು ನಿಲ್ಲಲು ಇದೇ ಹುಳಿ ಬೇಕು. ಸಿಹಿಯಾದ ಮಡೀರಾ ಕೂಡ ನಾಲಗೆಗೆ ಅಂಟದೆ ಹಗುರಾಗಿ ಇಳಿಯುವುದು ಈ ಕಾರಣಕ್ಕೆ.

ನಾಲ್ಕು ಬಿಳಿ ತಳಿಗಳು ನಾಲ್ಕು ಶೈಲಿಗಳನ್ನು ಕೊಡುತ್ತವೆ. ಎತ್ತರದ ತಂಪು ಹೊಲಗಳ ಸರ್ಸಿಯಾಲ್ ಸಿಹಿ ಅತಿ ಕಡಿಮೆ ಇರುವ ಚುರುಕು ವೈನ್. ವರ್ಡೆಲ್ಯು ಅದಕ್ಕಿಂತ ತುಸು ಮೃದು, ಹೊಗೆಯ ಛಾಯೆಯದು. ಬೋವಾಲ್ ಒಣಹಣ್ಣಿನ ತುಂಬುಗಂಪಿನದು. ಮಾಲ್ವಾಸಿಯಾ ಎಲ್ಲಕ್ಕಿಂತ ಸಿಹಿ. ಅದಕ್ಕೆ ಕಡಲಂಚಿನ ಬಿಸಿಲೇ ಬೇಕು. ಫಜಾಂ ದುಸ್ ಪಾದ್ರಿಸ್ ಎಂಬಲ್ಲಿ ಕಡಿದಾದ ಬಂಡೆಯ ಬುಡದಲ್ಲಿ, ಕಡಲಿಗೂ ಬಂಡೆಗೂ ನಡುವಿನ ಸಣ್ಣ ಪಟ್ಟಿಯಲ್ಲಿ ಈ ಬಳ್ಳಿ ಬೆಳೆಯುತ್ತದೆ. ಒಂದು ಕಾಲದಲ್ಲಿ ಜೆಸ್ಯೂಟ್ ಪಾದ್ರಿಗಳ ತೋಟವಾಗಿದ್ದ ಅಲ್ಲಿಗೆ ಇಂದಿಗೂ ದೋಣಿಯಲ್ಲೋ ಕೇಬಲ್ ಕಾರಿನಲ್ಲೋ ಇಳಿಯಬೇಕು.

ಸಿಹಿ ಎಷ್ಟಿರಬೇಕೆಂದು ತೀರ್ಮಾನವಾಗುವುದು ಸ್ಪಿರಿಟ್ ಬೆರೆಸುವ ಗಳಿಗೆಯಲ್ಲಿ. ದ್ರಾಕ್ಷಿರಸ ಹುದುಗುವಾಗ ಸಕ್ಕರೆ ಕರಗಿ ಮದ್ಯವಾಗುತ್ತದೆ. ಶೇ 96ರ ದ್ರಾಕ್ಷಿ ಸ್ಪಿರಿಟ್ ಸುರಿದ ಕೂಡಲೇ ಹುದುಗು ಸಾಯುತ್ತದೆ, ಸಕ್ಕರೆ ಇದ್ದಷ್ಟೇ ಉಳಿಯುತ್ತದೆ. ಮಾಲ್ವಾಸಿಯಾಕ್ಕೆ ಬೇಗ ಸುರಿಯುತ್ತಾರೆ, ಸರ್ಸಿಯಾಲ್‌ಗೆ ಸಕ್ಕರೆ ಬಹುಪಾಲು ಮುಗಿದ ಮೇಲೆ. ಕೊನೆಗೆ ವೈನಿನ ಮದ್ಯಾಂಶ ಶೇ 17ರಿಂದ 22ರ ನಡುವೆ ನಿಲ್ಲುತ್ತದೆ.

ಹೆಸರು ಈ ನಾಲ್ಕರದು, ದುಡಿಮೆ ಮಾತ್ರ ಐದನೆಯದರದು. ದ್ವೀಪದ ವೈನಿನಲ್ಲಿ ಐದರಲ್ಲಿ ನಾಲ್ಕು ಪಾಲು ಬರುವುದು ಟಿಂಟಾ ನೆಗ್ರಾ ಎಂಬ ಕಪ್ಪು ದ್ರಾಕ್ಷಿಯಿಂದ. ಹೆಚ್ಚು ಇಳುವರಿ ಕೊಡುವ, ರೈತನ ಕೈಬಿಡದ ತಳಿ. ಬಹಳ ಕಾಲ ಇದನ್ನು ಅಗ್ಗದ ಬಾಟಲಿಗೆ ಮೀಸಲಿಟ್ಟು, ಲೇಬಲ್ ಮೇಲೆ ಹೆಸರನ್ನೂ ಹಾಕುತ್ತಿರಲಿಲ್ಲ. ಈಗ ಬಾರ್ಬೇಟುನಂಥ ತಯಾರಕರು ಇದನ್ನೂ ಕಾಂಟೇರು ಅಟ್ಟಕ್ಕೇರಿಸಿ, ತಳಿಯ ಹೆಸರು ಹಾಕಿಯೇ ಮಾರುತ್ತಿದ್ದಾರೆ. ಸಣ್ಣ ರೈತನ ಹೊಲದಲ್ಲಿರುವುದು ಮುಖ್ಯವಾಗಿ ಇದೇ ಬಳ್ಳಿಯಾದ್ದರಿಂದ ಇದಕ್ಕೆ ಸಿಕ್ಕ ಮರ್ಯಾದೆ ಅವನಿಗೂ ಸಿಕ್ಕಂತೆ.

ಹಳೆಯ ಮಡೀರಾದ ಲೋಟವನ್ನು ಮೂಗಿನ ಬಳಿ ಹಿಡಿದ ಕನ್ನಡಿಗರಿಗೆ ಒಂದು ವಾಸನೆ ತಟ್ಟನೆ ಗುರುತಾಗುತ್ತದೆ. ಅದು ಹುರಿದ ಮೆಂತ್ಯದ್ದು. ಇದು ಬರೀ ಭ್ರಮೆಯಲ್ಲ. ಮೆಂತ್ಯಕ್ಕೆ ಅದರ ಪರಿಮಳ ಕೊಡುವ ಸೊಟೊಲಾನ್ ಎಂಬ ರಾಸಾಯನಿಕವೇ ಬಿಸಿ ಮತ್ತು ಗಾಳಿಯ ಸಹವಾಸದಲ್ಲಿ ಮಡೀರಾದೊಳಗೂ ಹುಟ್ಟುತ್ತದೆ, ವಯಸ್ಸಾದಂತೆ ಹೆಚ್ಚುತ್ತದೆ. ಅದರ ಬೆನ್ನಿಗೇ ಕಿತ್ತಳೆ ಸಿಪ್ಪೆ, ಆಕ್ರೋಟ, ಕಾಯಿಸಿದ ಬೆಲ್ಲದ ಗಂಪು, ಕೊನೆಯಲ್ಲಿ ಬಾಯಿ ತೊಳೆದಂತೆ ಮಾಡುವ ಹುಳಿ. ಕೆಡಬಹುದಾದದ್ದೆಲ್ಲ ಅಟ್ಟದಲ್ಲೇ ಆಗಿಹೋಗಿರುವುದರಿಂದ ಬಾಟಲಿ ತೆರೆದ ಮೇಲೂ ಈ ವೈನ್ ತಿಂಗಳುಗಟ್ಟಲೆ ಹಾಳಾಗುವುದಿಲ್ಲ. ಇದರ ತೀಕ್ಷ್ಣತೆ ಬಿರಡೆಯನ್ನೇ ತಿನ್ನುವುದರಿಂದ ಬಾಟಲಿಯನ್ನು ಮಲಗಿಸದೆ ನಿಲ್ಲಿಸಿಡುತ್ತಾರೆ.

ಬೂದಿರೋಗ, ಬೇರುಹೇನು, ವಲಸೆ

1851ರ ಸುಮಾರಿಗೆ ಮಡೀರಾದ ತೋಟಗಳಿಗೆ ಬೂದಿರೋಗ ಬಂತು. ಎಲೆ, ಕಾಯಿಗಳ ಮೇಲೆ ಬಿಳಿ ಪುಡಿ ಹರಡಿ, ಕಾಯಿ ಒಡೆದು, ಬೆಳೆ ನೆಲಕಚ್ಚಿತು. ಗಂಧಕದ ಪುಡಿ ಹೊಡೆದು ಚೇತರಿಸಿಕೊಳ್ಳುವಷ್ಟರಲ್ಲಿ, 1872ರಲ್ಲಿ, ಬೇರು ಹೀರುವ ಫಿಲಾಕ್ಸೆರಾ ಹೇನು ಕಾಲಿಟ್ಟಿತು. ಥಾಮಸ್ ಸ್ಲಾಪ್ ಲೀಕಾಕ್ ಎಂಬ ವರ್ತಕ ತನ್ನ ತೋಟದಲ್ಲಿ ಬೇರುಗಳಿಗೆ ಮದ್ದು ಬಳಿದು ಪ್ರಯೋಗ ಮಾಡುತ್ತಾ ಒಂದಿಷ್ಟು ಹಳೆಯ ಬಳ್ಳಿಗಳನ್ನು ಉಳಿಸಿದ. ಉಳಿದ ಕಡೆ ಬಳ್ಳಿ ಕಿತ್ತು ಕಬ್ಬು, ಬಾಳೆ ಹಾಕಿದರು. ವರ್ತಕರು ಅಂಗಡಿ ಮುಚ್ಚಿದರು. ಬದುಕು ನಡೆಯದೆ ಸಾವಿರಾರು ಜನ ದ್ವೀಪ ಬಿಟ್ಟರು. ಆಗಲೇ 1835ರಿಂದ ಮಡೀರಾದ ಬಡವರು ಬ್ರಿಟಿಷ್ ಗಯಾನಾದ ಕಬ್ಬಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. 1838ರಲ್ಲಿ ಭಾರತದ ಕರಾರು ಕೂಲಿಗಳು ಇಳಿದದ್ದೂ ಅದೇ ತೋಟಗಳಿಗೆ.

ಹೇನನ್ನು ತಡೆಯುವ ಬೇರು ಅಮೆರಿಕದ ಕಾಡುದ್ರಾಕ್ಷಿಯದು. ಅದರ ಮೇಲೆ ಒಳ್ಳೆಯ ತಳಿಯನ್ನು ಕಸಿ ಮಾಡುವುದು ಸರಿಯಾದ ಪರಿಹಾರ. ವಿಜಯಪುರ, ಬಾಗಲಕೋಟೆಯ ಬೆಳೆಗಾರರು ಬರಕ್ಕೂ ಸವಳಿಗೂ ಒಗ್ಗಲೆಂದು ಬಳಸುವ ಡಾಗ್‌ರಿಡ್ಜ್ ರೂಟ್‌ಸ್ಟಾಕ್ ಕೂಡ ಅಮೆರಿಕ ಮೂಲದ್ದೇ. ಆದರೆ ಮಡೀರಾದ ಬಡ ರೈತನಿಗೆ ಕಸಿಯ ಖರ್ಚು, ಕಾಯುವ ವರ್ಷಗಳು ಎರಡೂ ಹೊರೆ. ಹಾಗಾಗಿ ಹಲವರು ಇಸಾಬೆಲ್ಲಾ, ಜಾಕೆಯಂಥ ಅಮೆರಿಕನ್ ರಕ್ತದ ತಳಿಗಳನ್ನೇ ನೇರವಾಗಿ ನೆಟ್ಟರು. ಇಸಾಬೆಲ್ಲಾದ ಗಾಢ ವಾಸನೆ ನಮಗೆ ಹೊಸತಲ್ಲ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ‘ಬೆಂಗಳೂರು ಬ್ಲೂ’ ದ್ರಾಕ್ಷಿಯೂ ಅದೇ ವಂಶದ್ದು. ತಿನ್ನಲು, ಜ್ಯೂಸಿಗೆ ಸೊಗಸಾದ ಈ ಹಣ್ಣು ಮಡೀರಾ ಶೈಲಿಗೆ ಒಗ್ಗುವುದಿಲ್ಲ. ನೂರು ವರ್ಷ ದ್ವೀಪವನ್ನಾಳಿದ ಈ ತಳಿಗಳನ್ನು ಮಡೀರಾ ಹೆಸರಿನ ವೈನಿಗೆ ಬಳಸದಂತೆ 1979ರಲ್ಲಿ ನಿಷೇಧಿಸಿದರು. ಉತ್ತರದ ಹಳ್ಳಿಗಳ ಮನೆಮನೆಗಳಲ್ಲಿ ಸ್ವಂತ ಬಳಕೆಗೆ ಇವು ಇನ್ನೂ ಉಳಿದಿವೆ.

20ನೇ ಶತಮಾನವೂ ಕರುಣೆ ತೋರಲಿಲ್ಲ. 1917ರ ಕ್ರಾಂತಿಯಿಂದ ರಷ್ಯಾದ ಮಾರುಕಟ್ಟೆ ಹೋಯಿತು. 1920ರಿಂದ 1933ರವರೆಗಿನ ಪಾನನಿಷೇಧದಿಂದ ಅಮೆರಿಕ ಹೋಯಿತು. ಪೀಪಾಯಿಗಟ್ಟಲೆ ಸಗಟು ವೈನ್ ಅಡುಗೆಯ ಸಾಸ್‌ಗೆಂದು ಫ್ರಾನ್ಸ್ ಕಡೆ ಹರಿಯಿತು. ಜಗತ್ತಿನ ಬಹುಪಾಲು ಜನಕ್ಕೆ ಮಡೀರಾ ಎಂದರೆ ಅಡುಗೆಮನೆಯ ಬಾಟಲಿಯಾಗಿ ಉಳಿಯಿತು.

ಮುಂದಿನವರಿಗಾಗಿ ಹಿಂಡುವ ರಸ

ಇಂದು ಮಡೀರಾ ವೈನ್ ರಫ್ತು ಮಾಡುವ ಮನೆಗಳು ಬೆರಳೆಣಿಕೆಯಷ್ಟು. ಗುಣಮಟ್ಟದ ಉಸ್ತುವಾರಿ ನೋಡುವುದು ಅಲ್ಲಿನ ಸರ್ಕಾರಿ ಸಂಸ್ಥೆ. ವೈನಿನ ಜೊತೆಗೆ ದ್ವೀಪದ ಕಸೂತಿ, ಕರಕುಶಲಗಳೂ ಅದೇ ಸಂಸ್ಥೆಯ ವ್ಯಾಪ್ತಿಯಲ್ಲಿವೆ. ವೈನನ್ನು ಕಾರ್ಖಾನೆಯ ಸರಕಾಗಿ ನೋಡದೆ ಕೈಕೆಲಸವಾಗಿ ನೋಡಿದ ಈ ಏರ್ಪಾಡು ನನಗೆ ತುಂಬ ಸರಿಯಾಗಿ ಕಾಣುತ್ತದೆ. 2000ದ ದಶಕದ ಆರಂಭದಲ್ಲಿ ಸಗಟು ರಫ್ತು ನಿಲ್ಲಿಸಿ, ದ್ವೀಪದಲ್ಲೇ ಬಾಟಲಿಗೆ ತುಂಬಬೇಕೆಂದು ನಿಯಮ ಮಾಡಿದ್ದರಿಂದ ಹೆಸರೂ ಬೆಲೆಯೂ ಸುಧಾರಿಸಿವೆ.

ಆದರೂ ಆತಂಕ ಇದೆ, ಅದು ಅಟ್ಟದಲ್ಲಿಲ್ಲ, ಹೊಲದಲ್ಲಿದೆ. ಚಪ್ಪರದ ಕೆಳಗೆ ಬೆನ್ನು ಬಾಗಿಸುವವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಮಕ್ಕಳಿಗೆ ಫುಂಚಾಲ್‌ನ ಹೋಟೆಲುಗಳಲ್ಲಿ, ಲಿಸ್ಬನ್‌ನಲ್ಲಿ, ಲಂಡನ್‌ನಲ್ಲಿ ಕೆಲಸವಿದೆ. ಕಡಲು ಕಾಣುವ ಇಳಿಜಾರಿಗೆ ದ್ರಾಕ್ಷಿಗಿಂತ ವಿಲ್ಲಾ ಕಟ್ಟಿದರೆ ಲಾಭ ಹೆಚ್ಚು. ಬಾಳೆಗೆ ಕೆಲಸವೂ ಕಡಿಮೆ. ಒಂದು ಪೊಯ್ಯು ಬೀಳುಬಿದ್ದರೆ ಅದರ ಗೋಡೆ ಕುಸಿಯುತ್ತದೆ, ಕೆಳಗಿನ ಹೊಲಕ್ಕೆ ಕಲ್ಲುಮಣ್ಣು ಇಳಿಯುತ್ತದೆ. 2010ರ ಫೆಬ್ರುವರಿಯಲ್ಲಿ ಗುಡ್ಡದಿಂದ ಇಳಿದ ನೆರೆ ಫುಂಚಾಲ್ ಸೇರಿ ದ್ವೀಪದಲ್ಲಿ 40ಕ್ಕೂ ಹೆಚ್ಚು ಜೀವ ಬಲಿ ತೆಗೆದುಕೊಂಡದ್ದನ್ನು ನೆನೆದರೆ, ಇಳಿಜಾರನ್ನು ಹಿಡಿದಿಟ್ಟ ಗೋಡೆಗಳ ಬೆಲೆ ವೈನಿನ ಬೆಲೆಗಿಂತ ದೊಡ್ಡದು ಎಂದು ಒಪ್ಪಬೇಕಾಗುತ್ತದೆ.

ಬೇರೆ ವೈನ್ ಪ್ರದೇಶದಲ್ಲಿ ಒಂದು ಬೆಳೆ ತಪ್ಪಿದರೆ ಮರುವರ್ಷ ಇನ್ನೊಂದು ಬರುತ್ತದೆ. ಮಡೀರಾದಲ್ಲಿ ಈ ವರ್ಷ ಅಟ್ಟ ಸೇರದ ಪೀಪಾಯಿಯ ಕೊರತೆ ತಿಳಿಯುವುದು ಇಪ್ಪತ್ತೋ ಐವತ್ತೋ ವರ್ಷದ ನಂತರ, ಆಗ ಅದನ್ನು ತುಂಬಿಕೊಡುವ ದಾರಿಯೇ ಇರುವುದಿಲ್ಲ. ಇಂದು ಫ್ರಾಸ್ಕೇರಾಕ್ಕೆಂದು ದ್ರಾಕ್ಷಿ ಹಿಂಡುವ ನಡುವಯಸ್ಸಿನ ತಯಾರಕ ಅದು ಮಾರಾಟವಾಗುವ ದಿನ ತಾನಿರುತ್ತೇನೆ ಎಂದು ಹೇಳಲಾರ. ಗೊಂಚಲು ಕೊಯ್ದ ರೈತನಂತೂ ಅದರ ರುಚಿ ನೋಡುವ ಸಂಭವ ಇನ್ನೂ ಕಡಿಮೆ. ಅಂಥ ಕೆಲಸಕ್ಕೆ ಕಿಲೋ ಲೆಕ್ಕದ ದರವೊಂದೇ ಸಾಲದು. ಗೋಡೆ ದುರಸ್ತಿಗೆ, ಲೆವಾಡಾದ ನಿರ್ವಹಣೆಗೆ, ಎಳೆಯರು ಹೊಲದಲ್ಲಿ ಉಳಿಯುವುದಕ್ಕೆ ಹಣ ಬರಬೇಕು. ನೂರು ವರ್ಷದ ಬಾಟಲಿಗೆ ಸಾವಿರಾರು ಯೂರೋ ಕೊಡಲು ಸಿದ್ಧರಿರುವ ಮಾರುಕಟ್ಟೆಯಿಂದ ಅದರ ಒಂದು ಪಾಲು ಈ ಇಳಿಜಾರಿಗೆ ತಲುಪುವುದು ನ್ಯಾಯ. ಬಿಸಿಲು, ಗಾಳಿ, ಕಾಲ ಮೂರನ್ನೂ ಪಳಗಿಸಿದ ಮಡೀರಾ ಇನ್ನು ಪಳಗಿಸಬೇಕಾದದ್ದು ಈ ಲೆಕ್ಕಾಚಾರವನ್ನು.